ಎರಡನೆಯದು ಮೊದಲನೆಯದರ ಸಮ ಬರುವುದಿಲ್ಲ

ಸಿನಿಮಾ ಹುಚ್ಚಿನವರ ಪಕ್ಕದ ಮನೆಯಲ್ಲಿ ಬಾಡಿಗೆಗೆ ಇದ್ದವರಿಗೆ ಇಂಥವು ಆಗುತ್ತಲೇ ಇರುತ್ತವೆ. ಮನೆ ಬದಲಾಯಿಸಿದರೆ ತಪ್ಪಿಸಿಕೊಳ್ಳಬಹುದು ಎನ್ನುವವರಿದ್ದಾರೆ. ನನ್ನ ವಿಷಯದಲ್ಲಿ ಊರೇ ಬದಲಾಯಿತು; ಹುಚ್ಚಿನವರೂ ಜೊತೆಗೇ ವರ್ಗವಾಗಿ ಬಂದರು.

ಅರವತ್ತರ ದಶಕದ ಕೊನೆಯಲ್ಲಿ ನಾನು ಕೊಚ್ಚಿಯ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ಮನೆ ಕಲೂರಿನಲ್ಲಿ. ಪಕ್ಕದ ಮನೆಯಲ್ಲಿ ಅದೇ ಕಚೇರಿಯ ಸೂಪರಿಂಟೆಂಡೆಂಟರು, ಮೈಸೂರಿನವರು. ಎಲ್ಲರೂ ಅವರನ್ನು ರಾಯರು ಎನ್ನುತ್ತಿದ್ದರು. ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ.

ರಾಯರಿಗೆ ಇಂಗ್ಲಿಷ್ ಸಿನಿಮಾ ಒಂದರ ಹುಚ್ಚು. ಅದರಲ್ಲಿ ಒಬ್ಬ ಹೀರೋ ಕಾರು ಓಡಿಸುತ್ತಾನೆ. ಹಿಂದೆ ಐದಾರು ಕಾರುಗಳು ಬೆನ್ನಟ್ಟುತ್ತವೆ. ಕೊನೆಗೆ ಹೀರೋನ ಕಾರು ಮಾತ್ರ ಉಳಿಯುತ್ತದೆ. ಅದು ಉಳಿದಿರುವುದರಿಂದ ಮುಂದಿನ ಭಾಗ ತೆಗೆಯುತ್ತಾರೆ.

ಸಿನಿಮಾ ನೋಡಿದ ಉತ್ಸಾಹದಲ್ಲಿ ರಾಯರು ತಾವೂ ಒಂದು ಕಾರು ಬುಕ್ ಮಾಡಿದ್ದರು. ಆ ಕಾಲದಲ್ಲಿ ಕಾರಿಗೆ ವರ್ಷಗಟ್ಟಲೆ ಸರದಿ; ಬುಕ್ ಮಾಡಿದವರು ಕಾರಿಗಾಗಿ ಕಾಯುತ್ತಿರಲಿಲ್ಲ, ಸುಮ್ಮನೆ ಕಾಯುತ್ತಿದ್ದರು. ಕಾರು ಬಂದ ಮೇಲೆ ತಾವೇ ಓಡಿಸಿಕೊಂಡು ಹೋಗಿ, ಆ ಸಿನಿಮಾದ ಹೊಸ ಭಾಗವನ್ನು ನೋಡಬೇಕು ಎಂಬುದೊಂದೇ ರಾಯರ ಜೀವನದ ಆಸೆ. ಬಡ್ತಿಯ ಬಗ್ಗೆ ಕೂಡ ಅವರು ಇಷ್ಟು ಆಸೆಯಿಂದ ಮಾತಾಡಿದ್ದನ್ನು ನಾನು ಕೇಳಿಲ್ಲ.

೧

ಮೊದಲನೇ ಭಾಗ ನೋಡಿ ಬಂದ ಮರುದಿನವೇ ರಾಯರು ಕಚೇರಿಯಲ್ಲಿ ಅಭಿಪ್ರಾಯ ಹೇಳಿದರು. "ಎರಡನೇ ಭಾಗ ಇದರ ಸಮ ಬರಲ್ಲ."

"ಎರಡನೇ ಭಾಗ ಬಂದಿದೆಯಾ ಸಾರ್?" ಎಂದೆ.

"ಮದ್ರಾಸಿಗೆ ಬಂದಿದೆಯಂತೆ. ಇಲ್ಲಿಗೆ ಬರೋಕೆ ಇನ್ನೊಂದು ವರ್ಷ ಬೇಕು."

"ಮತ್ತೆ ನೋಡದೆ ಹೇಗೆ ಹೇಳ್ತೀರಿ?"

ರಾಯರು ಕನ್ನಡಕ ತೆಗೆದು ನನ್ನನ್ನು ಕನಿಕರದಿಂದ ನೋಡಿದರು. "ನೋಡಿದ ಮೇಲೆ ಯಾರು ಬೇಕಾದ್ರೂ ಹೇಳಬಹುದು ಕಣಯ್ಯಾ."

ಇದು ಸಿನಿಮಾಕ್ಕೆ ಮಾತ್ರ ಸೀಮಿತವಾದ ಅಭಿಪ್ರಾಯವಲ್ಲ ಎಂದು ನನಗೆ ಆಮೇಲೆ ತಿಳಿಯಿತು. ಎರಡನೇ ಲೋಟ ಕಾಫಿ ಮೊದಲನೆಯದರ ಸಮ ಬರುವುದಿಲ್ಲ. ಎರಡನೇ ಮೇಲಧಿಕಾರಿ ಮೊದಲನೆಯವನ ಸಮ ಬರುವುದಿಲ್ಲ. ಕಲೂರಿನ ಮನೆ ಅದಕ್ಕೆ ಮುಂಚೆ ಇದ್ದ ಮನೆಯ ಸಮ ಬರುವುದಿಲ್ಲ. ರಾಯರಿಗೆ ಒಬ್ಬಳೇ ಮಗಳು. ಕಾರಣವನ್ನು ನಾನು ಕೇಳಲಿಲ್ಲ.

೨

ಎರಡನೇ ಭಾಗ ಬಂದೇಬಿಟ್ಟಿತು. ಮೊದಲ ದಿನದ ಮ್ಯಾಟಿನಿಗೆ ರಾಯರು ನನ್ನನ್ನೂ ಕರೆದುಕೊಂಡು ಹೋದರು. ಅರ್ಧ ದಿನ ರಜೆಯ ಅರ್ಜಿಯಲ್ಲಿ ಇಬ್ಬರೂ ಹೊಟ್ಟೆನೋವು ಎಂದು ಬರೆದಿದ್ದೆವು. ಮಂಜೂರು ಮಾಡಿದವರು ರಾಯರೇ.

ಅರ್ಧ ಸಿನಿಮಾ ಆಗಿತ್ತು. ವಿಲನ್‌ನ ಕಾರು ಸೇತುವೆಯಿಂದ ನದಿಗೆ ಬಿತ್ತು. ವಿಲನ್ ಸತ್ತ. ಜನ ಚಪ್ಪಾಳೆ ತಟ್ಟಿದರು. ಎರಡು ನಿಮಿಷದ ನಂತರ ಅದೇ ಕಾರು ಒಣಗಿಕೊಂಡು ರಸ್ತೆಯ ಮೇಲೆ ಓಡುತ್ತಿತ್ತು. ಸತ್ತ ವಿಲನ್ ಹೋಟೆಲಿನಲ್ಲಿ ಕೂತು ಹೀರೋನನ್ನು ಸೇತುವೆಯ ಮೇಲೆ ಹೇಗೆ ಕೊಲ್ಲಬೇಕು ಎಂದು ಯೋಚಿಸುತ್ತಿದ್ದ.

ಹಿಂದಿನ ಸಾಲಿನವರು ಸೀಟಿ ಹೊಡೆಯತೊಡಗಿದರು. ರಾಯರು ಮಾತ್ರ ಸೀಟಿನ ಅಂಚಿಗೆ ಬಂದು ಕೂತಿದ್ದರು.

"ಅರ್ಥವಾಯ್ತೇನಯ್ಯಾ?" ಎಂದು ಪಿಸುಗುಟ್ಟಿದರು.

"ಇಲ್ಲ ಸಾರ್."

"ಸಾಯೋನು ನೀರಲ್ಲಿ ಮುಳುಗ್ತಾ ತಾನು ಮಾಡಿದ್ದನ್ನೆಲ್ಲ ನೆನಪಿಸ್ಕೊಳ್ತಾ ಇದ್ದಾನೆ. ಎಂಥ ಕಲ್ಪನೆ ನೋಡು! ಮೊದಲನೇ ಭಾಗದಲ್ಲಿ ಇಂಥದ್ದು ಇರಲಿಲ್ಲ."

ರಾಯರ ಬಾಯಿಂದ ಎರಡನೆಯದರ ಹೊಗಳಿಕೆ! ನನಗೆ ಗಾಬರಿಯಾಯಿತು. ಹೊರಗೆ ಬಂದಾಗ ಥಿಯೇಟರಿನ ಆಪರೇಟರು ಬಾಗಿಲಲ್ಲಿ ಕೈ ಮುಗಿದುಕೊಂಡು ನಿಂತಿದ್ದ. "ಕ್ಷಮಿಸಬೇಕು ಸಾರೇ, ರೀಲು ಹಿಂದುಮುಂದಾಯಿತು. ಐದನೆಯದನ್ನು ನಾಲ್ಕನೆಯದಕ್ಕಿಂತ ಮೊದಲೇ ಹಾಕಿಬಿಟ್ಟೆ."

ರಾಯರು ಬಸ್ ಸ್ಟಾಪಿನವರೆಗೆ ಸರಸರನೆ ನಡೆದರು. ಬಸ್ಸು ಹತ್ತಿದ ಮೇಲೆ ನಿಟ್ಟುಸಿರುಬಿಟ್ಟು, "ನಾನು ಆವತ್ತೇ ಹೇಳಿದ್ದೆ, ಸಮ ಬರಲ್ಲ ಅಂತ. ಅದರಲ್ಲಿ ಚೆನ್ನಾಗಿದ್ದಿದ್ದು ಆಪರೇಟರ್ ಕೆಲಸ ಒಂದೇ," ಎಂದರು.

೩

ಮೂರನೇ ಭಾಗಕ್ಕೆ ಅತ್ತಿಗೆಯೂ ಬಂದರು. ಅವರು ಹಿಂದಿನ ಎರಡು ಭಾಗಗಳನ್ನೂ ನೋಡಿದ್ದರು, ಆದರೆ ರಾಯರು ನೋಡಿದ್ದನ್ನಲ್ಲ. ಈ ಸಿನಿಮಾದ ಪ್ರತಿ ಭಾಗದಲ್ಲೂ ಹೀರೋನ ಕಾರು ಸಂತೆಬೀದಿಗೆ ನುಗ್ಗಿ ಒಬ್ಬ ಹಣ್ಣಿನವನ ತಳ್ಳುಗಾಡಿಯನ್ನು ಉರುಳಿಸುತ್ತದೆ. ಕಿತ್ತಳೆಗಳು ರಸ್ತೆ ತುಂಬ ಚೆಲ್ಲುತ್ತವೆ. ಹೀರೋ ಹಿಂತಿರುಗಿ ನೋಡುವುದಿಲ್ಲ. ಜನರೂ ನೋಡುವುದಿಲ್ಲ. ಅತ್ತಿಗೆ ಅಲ್ಲಿಂದ ಮುಂದಕ್ಕೆ ಬೇರೇನನ್ನೂ ನೋಡುವುದಿಲ್ಲ.

ಮೂರನೇ ಭಾಗದಲ್ಲಿ ಸಂತೆಬೀದಿ ಕಂಡ ಕೂಡಲೇ ಅವರು ಎದ್ದು ನಿಂತರು. "ರೀ, ಅವನೇ ಕಣ್ರೀ! ಅದೇ ಹಣ್ಣಿನವನು!"

"ಕೂತ್ಕೊಳ್ಳೇ, ಹಿಂದಿನವರಿಗೆ ಕಾಣಲ್ಲ," ಎಂದರು ರಾಯರು.

"ಎರಡು ಸಲ ಆಗಿದೆ ಪಾಪ. ಇವನ್ಯಾಕೆ ಆ ಊರು ಬಿಟ್ಟು ಹೋಗಬಾರದು?"

ಕಾರು ಬಂತು. ಕಿತ್ತಳೆ ಚೆಲ್ಲಿತು. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಪಕ್ಕದಲ್ಲಿ ಕೂತಿದ್ದ ಮಲಯಾಳಿ ಹೆಂಗಸಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿಯಿತು. "ಸಾರಮಿಲ್ಲ ಚೇಚಿ," ಅಂದರೆ ಪರವಾಗಿಲ್ಲ ಅಕ್ಕಾ, ಎಂದು ಸಮಾಧಾನ ಮಾಡಿ ತಾನೂ ಕಣ್ಣೊರೆಸಿಕೊಂಡಳು.

ಮನೆಗೆ ಬರುವ ದಾರಿಯಲ್ಲಿ ರಾಯರು, ಮೂರನೆಯದು ಮೊದಲನೆಯದರ ಹತ್ತಿರವೂ ಸುಳಿಯುವುದಿಲ್ಲ, ಆ ತಿರುವಿನಲ್ಲಿ ಹೀರೋ ಎರಡನೇ ಗೇರಿಗೆ ಬರಬೇಕಿತ್ತು ಎಂದು ವಿವರಿಸುತ್ತಿದ್ದರು. ಆಗ ರಾಯರು ಒಂದು ಸ್ಕೂಟರನ್ನೂ ಮುಟ್ಟಿದವರಲ್ಲ.

ಅತ್ತಿಗೆ ತಮ್ಮ ಅಭಿಪ್ರಾಯವನ್ನು ಒಂದೇ ಮಾತಿನಲ್ಲಿ ಮುಗಿಸಿದರು. "ನಾಲ್ಕನೇ ಭಾಗದಲ್ಲಾದ್ರೂ ಅವನಿಗೊಂದು ಅಂಗಡಿ ಹಾಕಿಕೊಡಲಿ."

೪

ಎಪ್ಪತ್ತರ ದಶಕದ ಆರಂಭದಲ್ಲಿ ನಮ್ಮಿಬ್ಬರಿಗೂ ತಿರುವನಂತಪುರಕ್ಕೆ ವರ್ಗವಾಯಿತು. ಕಾರಿನ ಸರದಿ ಹತ್ತಿರ ಬಂದಿದೆ ಎಂಬ ಕಾಗದವೂ ಬಂತು. ರಾಯರು ಡ್ರೈವಿಂಗ್ ಕಲಿಯಲು ಸೇರಿದರು.

ಕಲಿಸುವವನನ್ನು ಅಲ್ಲಿ ಆಶಾನ್ ಎನ್ನುತ್ತಾರೆ. ರಾಯರು ಮೊದಲ ದಿನವೇ ಆಶಾನ್‌ಗೆ ಮೂರೂ ಭಾಗಗಳ ಚಾಲನಾ ದೋಷಗಳನ್ನು ತಿಳಿಸಿದರು. ಆತ ತಾಳ್ಮೆಯಿಂದ ಕೇಳಿ, "ಸಾರೇ, ಅದೆಲ್ಲ ಸರಿ. ಈಗ ಬಾಗಿಲು ಹಾಕಿ," ಎಂದ.

ತಿರುವನಂತಪುರದಲ್ಲಿ ಸಮತಟ್ಟಾದ ನೆಲ ಇರುವುದು ನಕ್ಷೆಯಲ್ಲಿ ಮಾತ್ರ. ಎಲ್ಲಿ ಹೋದರೂ ಏರು, ಇಲ್ಲವೇ ಇಳಿಜಾರು. ಏರಿನಲ್ಲಿ ನಿಂತ ಕಾರನ್ನು ಹಿಂದಕ್ಕೆ ಜಾರದಂತೆ ಹೊರಡಿಸುವುದು ರಾಯರಿಗೆ ಒಲಿಯಲೇ ಇಲ್ಲ. ಲೈಸೆನ್ಸ್ ಪರೀಕ್ಷೆಯಲ್ಲಿ ಎರಡು ಸಲ ಹಿಂದಕ್ಕೆ ಜಾರಿದರು. ಎರಡನೇ ಸಲ ಇನ್ನೂ ಹೆಚ್ಚು ದೂರ ಜಾರಿದರು. ಅದೂ ಮೊದಲನೆಯದರ ಸಮ ಬರಲಿಲ್ಲ.

ಮೂರನೇ ಸಲ ಹೋದಾಗ ಕಾರು ಇನ್ನು ಹದಿನೈದು ದಿನಕ್ಕೆ ಬರುವುದಿತ್ತು. ರಾಯರ ಮುಖ ಬಿಳುಪೇರಿತ್ತು. ಇನ್‌ಸ್ಪೆಕ್ಟರು ಪಕ್ಕದಲ್ಲಿ ಕೂತು, ಹಿಂದಿನ ಎರಡು ಸಲದ ಗುರುತು ಹಿಡಿದು, "ಎಲ್ಲಿ ಕಲಿತಿರಿ ಈ ಥರ ಓಡಿಸೋದನ್ನ?" ಎಂದು ಕೇಳಿದರು. ರಾಯರು ಭಯದಲ್ಲಿ ಸಿನಿಮಾದ ಹೆಸರು ಹೇಳಿಬಿಟ್ಟರು. ಇನ್‌ಸ್ಪೆಕ್ಟರು ಪೆನ್ನು ಕೆಳಗಿಟ್ಟರು. ಅವರಿಗೂ ಅದೇ ಹುಚ್ಚು.

ಮುಕ್ಕಾಲು ಗಂಟೆ ಇಬ್ಬರೂ ಕಾರಿನೊಳಗೆ ಕೂತು ಮಾತಾಡಿದರು. ನಾನು ಹೊರಗೆ ಹುಣಿಸೆ ಮರದ ಕೆಳಗೆ ನಿಂತು ನೋಡುತ್ತಿದ್ದೆ. ಕೊನೆಗೆ ಇನ್‌ಸ್ಪೆಕ್ಟರು ಕೇಳಿದರಂತೆ, "ಏನೇ ಹೇಳಿ ಸಾರೇ, ಎರಡನೇ ಭಾಗ ಎಲ್ಲಕ್ಕಿಂತ ಚೆನ್ನಾಗಿದೆ. ಅಲ್ಲವಾ?"

ಒಂದು ಕಡೆ ಲೈಸೆನ್ಸು, ಇನ್ನೊಂದು ಕಡೆ ಸಿದ್ಧಾಂತ. ರಾಯರು ಕಣ್ಣು ಮುಚ್ಚಿಕೊಂಡು, "ನಾನು ನೋಡಿದ ಥಿಯೇಟರಿನಲ್ಲಿ ಬಹಳ ಚೆನ್ನಾಗಿತ್ತು," ಎಂದರು.

ಲೈಸೆನ್ಸ್ ಸಿಕ್ಕಿತು. ಎಂಜಿನ್ ಸ್ಟಾರ್ಟ್ ಮಾಡುವುದು ಇಬ್ಬರಿಗೂ ಮರೆತುಹೋಗಿತ್ತು.

೫

ಕಾರು ಬಂತು. ಏರಿನ ಸಮಸ್ಯೆ ಹಾಗೆಯೇ ಉಳಿದಿತ್ತು. ಅದಕ್ಕೆ ಅತ್ತಿಗೆ ಬಡಗಿಯಿಂದ ಹಲಸಿನ ಮರದ ಒಂದು ತುಂಡನ್ನು ಮಾಡಿಸಿದರು. ಕಾರು ಏರಿನಲ್ಲಿ ನಿಂತರೆ, ಹಿಂದಿನ ಸೀಟಿನಲ್ಲಿರುವ ಅತ್ತಿಗೆ ಇಳಿದು ಹಿಂದಿನ ಗಾಲಿಗೆ ಆ ತುಂಡನ್ನು ಅಡ್ಡ ಕೊಡಬೇಕು. ರಾಯರು ನಾಲ್ಕೈದು ಪ್ರಯತ್ನಗಳಲ್ಲಿ ಕಾರನ್ನು ಹೊರಡಿಸಿ, ಏರು ಮುಗಿದ ಮೇಲೆ ಸಮತಟ್ಟಾದ ಕಡೆ ನಿಲ್ಲಿಸಬೇಕು. ಅತ್ತಿಗೆ ತುಂಡನ್ನು ಎತ್ತಿಕೊಂಡು ನಡೆದು ಬಂದು ಹತ್ತಬೇಕು. ಹೀಗೆ ಅತ್ತಿಗೆ ಕಾರು ಕೊಂಡ ಮೇಲೆ ಹೆಚ್ಚು ನಡೆಯತೊಡಗಿದರು.

ಆ ಸಿನಿಮಾದ ನಾಲ್ಕನೇ ಭಾಗವೂ ಅದೇ ತಿಂಗಳು ಬಂತು. ಭಾನುವಾರ ಮ್ಯಾಟಿನಿಗೆ ಹೋಗುವುದು ಎಂದಾಯಿತು. ಉಳ್ಳೂರಿನ ಏರಿನ ತುದಿಯಲ್ಲಿ ನಾನು ಕಾಯುತ್ತಿರಬೇಕು, ಅಲ್ಲಿ ನನ್ನನ್ನು ಹತ್ತಿಸಿಕೊಳ್ಳುವುದು.

ನಾನು ಕಾಯುತ್ತಿದ್ದೆ. ಏರಿನ ಮಧ್ಯದಲ್ಲಿ ಬಸ್ಸೊಂದು ನಿಂತದ್ದರಿಂದ ಹಿಂದೆ ರಾಯರ ಕಾರೂ ನಿಂತಿತು. ಅತ್ತಿಗೆ ಇಳಿದರು, ತುಂಡು ಇಟ್ಟರು. ಬಸ್ಸು ಹೊರಟಿತು. ಆಗ ಯಾರೂ ನಿರೀಕ್ಷಿಸದ ಸಂಗತಿ ನಡೆಯಿತು. ಕಾರು ಮೊದಲನೇ ಪ್ರಯತ್ನಕ್ಕೇ ಹೊರಟಿತು. ಕುಲುಕಲಿಲ್ಲ, ಕೆಮ್ಮಲಿಲ್ಲ. ಬೆಣ್ಣೆಯ ಹಾಗೆ ಏರನ್ನು ಹತ್ತಿ ನನ್ನ ಮುಂದೆ ಬಂತು. ರಾಯರ ಮುಖದಲ್ಲಿ ಹಿಂದೆಂದೂ ಕಾಣದ ತೇಜಸ್ಸು. ನಾನು ಕೈ ಎತ್ತಿದೆ. ಅವರೂ ಕೈ ಎತ್ತಿ, ನಿಲ್ಲಿಸದೆ ಹೋದರು.

ಕೆಳಗಿನಿಂದ ಅತ್ತಿಗೆ ಮರದ ತುಂಡು ಹಿಡಿದುಕೊಂಡು ಓಡಿ ಬರುತ್ತಿದ್ದರು.

ನಾನು ಒಂದು ಟ್ಯಾಕ್ಸಿಗೆ ಕೈ ಮಾಡಿದೆ. ಇಬ್ಬರೂ ಹತ್ತಿದೆವು. "ಆ ಕಾರಿನ ಹಿಂದೆ ಹೋಗಿ!" ಎಂದರು ಅತ್ತಿಗೆ.

"ಕಳ್ಳನಾ ಚೇಚಿ?" ಎಂದ ಡ್ರೈವರು.

"ಅಲ್ಲ, ನಮ್ಮ ಯಜಮಾನರು."

ಡ್ರೈವರು ಸ್ವಲ್ಪ ಯೋಚಿಸಿದ. "ಕಾರಿನಲ್ಲಿ ಜೊತೆಗೆ ಬೇರೆ ಯಾರಾದರೂ ಇದ್ದಾರಾ?" ಎಂದು ಮೆಲ್ಲಗೆ ಕೇಳಿ, ಉತ್ತರಕ್ಕೆ ಕಾಯದೆ ವೇಗ ಹೆಚ್ಚಿಸಿದ.

ವೇಗ ಎಂದರೆ, ರಾಯರು ಹೋಗುತ್ತಿದ್ದದ್ದು ಸೈಕಲ್ಲಿಗಿಂತ ಒಂದು ಕೈ ಮುಂದೆ. ಆದರೆ ರಸ್ತೆಯ ನಟ್ಟನಡುವೆ. ಟ್ಯಾಕ್ಸಿ ಎಡಕ್ಕೂ ಹೋಗುವಂತಿರಲಿಲ್ಲ, ಬಲಕ್ಕೂ ಹೋಗುವಂತಿರಲಿಲ್ಲ. ಡ್ರೈವರು ಹಾರನ್ ಒತ್ತಿ ಹಿಡಿದ. ಅತ್ತಿಗೆ ಕಿಟಕಿಯಿಂದ ತೋಳನ್ನು ಹೊರಚಾಚಿ ಮರದ ತುಂಡನ್ನು ಬೀಸತೊಡಗಿದರು.

ರಾಯರು ಕನ್ನಡಿಯಲ್ಲಿ ನೋಡಿದರು. ಅವರಿಗೆ ಕಂಡದ್ದು ಬೆನ್ನಟ್ಟಿ ಬರುತ್ತಿರುವ ಒಂದು ಟ್ಯಾಕ್ಸಿ, ಅದರ ಕಿಟಕಿಯಲ್ಲಿ ದೊಣ್ಣೆ ಹಿಡಿದ ಒಂದು ಕೈ. ಮೂರು ಭಾಗಗಳನ್ನು ನೋಡಿದ ಮನುಷ್ಯ ಇಂಥ ಸಮಯದಲ್ಲಿ ಏನು ಮಾಡಬೇಕೋ ಅದನ್ನೇ ಮಾಡಿದರು. ಎರಡನೇ ಗೇರಿಗೆ ಬಂದು, ಯಾವ ಸನ್ನೆಯನ್ನೂ ತೋರಿಸದೆ, ಎಡಗಡೆಯ ಓಣಿಗೆ ತಿರುಗಿಸಿದರು. ತಿರುವು ಅತ್ಯುತ್ತಮವಾಗಿತ್ತು. ಟ್ಯಾಕ್ಸಿ ಡ್ರೈವರೂ ಮೆಚ್ಚಿದ.

ಓಣಿಯ ಕೊನೆಯಲ್ಲಿ ಒಬ್ಬ ನೇಂದ್ರ ಬಾಳೆಹಣ್ಣಿನ ತಳ್ಳುಗಾಡಿ ನಿಲ್ಲಿಸಿಕೊಂಡಿದ್ದ.

ನಾವು ತಲುಪಿದಾಗ ಗಾಡಿ ಮಗ್ಗುಲಾಗಿತ್ತು. ಹಣ್ಣು ಓಣಿ ತುಂಬ ಚೆಲ್ಲಿತ್ತು. ರಾಯರು ಸ್ಟೀರಿಂಗ್ ಹಿಡಿದುಕೊಂಡೇ ಕೂತಿದ್ದರು. ಟ್ಯಾಕ್ಸಿಯಿಂದ ಅತ್ತಿಗೆ ಇಳಿದದ್ದನ್ನು ನೋಡಿ, ಹಿಂದಿನ ಸೀಟನ್ನು ನೋಡಿ, ಮತ್ತೆ ಅತ್ತಿಗೆಯನ್ನು ನೋಡಿದರು.

ಅತ್ತಿಗೆ ಅವರ ಕಡೆ ತಿರುಗಲೂ ಇಲ್ಲ. ನೇರವಾಗಿ ಹಣ್ಣಿನವನ ಹತ್ತಿರ ಹೋಗಿ, "ಪೆಟ್ಟಾಯಿತಾ ಚೇಟ್ಟಾ?" ಎಂದು ಅಲ್ಲಿನವರ ಹಾಗೆಯೇ ಅಣ್ಣನೆಂದು ಕರೆದು ಕೇಳಿ, ಕೂತು ಹಣ್ಣು ಆರಿಸತೊಡಗಿದರು. ಎಷ್ಟೋ ವರ್ಷಗಳಿಂದ ಅವರಿಗೆ ಮಾಡಬೇಕೆನಿಸಿದ್ದನ್ನು ಮಾಡುವ ಅವಕಾಶ ಕೊನೆಗೂ ಸಿಕ್ಕಿತ್ತು. ನಜ್ಜುಗುಜ್ಜಾದದ್ದು, ಆಗದ್ದು, ಎಲ್ಲವನ್ನೂ ಅವರೇ ಕೊಂಡರು.

"ಏರಲ್ಲಿ ಒಂದೇ ಸಲಕ್ಕೆ ಹೊರಟುಬಿಡ್ತು ಕಣಯ್ಯಾ," ಎಂದು ರಾಯರು ನನ್ನ ಹತ್ತಿರ ಪಿಸುಗುಟ್ಟಿದರು. "ಆ ಖುಷಿಗೆ ಅವಳು ಇಳಿದಿದ್ದೇ ಮರೆತುಹೋಯ್ತು. ದಾರೀಲಿ ಎರಡು ಸಲ ಮಾತಾಡಿಸಿದೆ. ಉತ್ತರ ಬರಲಿಲ್ಲ. ಮಾಮೂಲಿ ಅಂದ್ಕೊಂಡೆ."

ಬಾಳೆಹಣ್ಣಿನ ಗೊನೆಗಳನ್ನು ತುಂಬಿಕೊಂಡು ನಾವು ಇಂಟರ್‌ವಲ್ ಹೊತ್ತಿಗೆ ಥಿಯೇಟರ್ ತಲುಪಿದೆವು. ಸ್ವಂತ ಕಾರು, ಸ್ವಂತ ಚಾಲನೆ, ಹೊಸ ಭಾಗ. ರಾಯರ ಆಸೆ ಅರ್ಧ ಸಿನಿಮಾದಷ್ಟು ಈಡೇರಿತು. ಪರದೆಯ ಮೇಲೆ ಅದೇ ಹಣ್ಣಿನವನು ಕಾಣಿಸಿಕೊಂಡ. ಅತ್ತಿಗೆಯ ಮಾತು ಯಾರಿಗೋ ಕೇಳಿಸಿತ್ತು ಎನ್ನಬೇಕು: ಈ ಸಲ ಅವನಿಗೆ ಗಾಜಿನ ಬಾಗಿಲಿನ ಅಂಗಡಿ ಇತ್ತು. ಹೀರೋನ ಕಾರು ಆ ಗಾಜನ್ನು ಒಡೆದುಕೊಂಡೇ ಹೋಯಿತು.

ಅತ್ತಿಗೆ ಕತ್ತಲಲ್ಲಿ ನಿಧಾನವಾಗಿ ರಾಯರ ಕಡೆ ತಿರುಗಿದರು. ರಾಯರು ಅವಸರದಿಂದ, "ಛೆ, ಇದು ಅನ್ಯಾಯ. ಪಾಪ, ಆ ಹಣ್ಣಿನವನು!" ಎಂದರು.

ಮರುದಿನದಿಂದ ಅತ್ತಿಗೆ ಅದೇ ಆಶಾನ್ ಹತ್ತಿರ ಡ್ರೈವಿಂಗ್ ಕಲಿಯತೊಡಗಿದರು. ಪರೀಕ್ಷೆ ಮೊದಲ ಸಲಕ್ಕೇ ಪಾಸಾದರು, ಎಂಜಿನ್ ಸ್ಟಾರ್ಟ್ ಮಾಡಿ. ಅಲ್ಲಿಂದ ಮುಂದೆ ಕಾರು ಓಡಿಸುವವರು ಅವರೇ. ಹಿಂದಿನ ಸೀಟು, ಮರದ ತುಂಡಿನ ಸಮೇತ, ರಾಯರದು. ಅತ್ತಿಗೆಗೆ ಆ ತುಂಡಿನ ಅಗತ್ಯವೇ ಇರಲಿಲ್ಲ. ಆದರೂ ಏರಿನಲ್ಲಿ ಕಾರು ನಿಂತ ಕೂಡಲೇ ರಾಯರು ಇಳಿಯಬೇಕೆಂದು ಅವರು ನಿಯಮ ಮಾಡಿದ್ದರು.

ಒಂದು ಸಂಜೆ ಉಳ್ಳೂರಿನ ಏರಿನಲ್ಲಿ ರಾಯರು ತುಂಡನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದು ಬರುತ್ತಿದ್ದದ್ದನ್ನು ಕಂಡೆ. ಕಾರು ಕಣ್ಣಿಗೆ ಕಾಣಿಸುತ್ತಿರಲಿಲ್ಲ.

"ಏನು ಸಾರ್," ಎಂದೆ, "ಮನೆಯ ಎರಡನೇ ಡ್ರೈವರು ಹೇಗೆ?"

ರಾಯರು ನಿಂತು ಉಸಿರು ತೆಗೆದುಕೊಂಡರು. ಏರಿನ ತುದಿಯನ್ನು ಒಮ್ಮೆ ನೋಡಿದರು.

"ಮೊದಲನೆಯವನು ಎರಡನೆಯವಳ ಸಮ ಬರಲ್ಲ ಕಣಯ್ಯಾ," ಎಂದರು.