ಕೊಬ್ಬರಿಯ ಆಷಾಢ

ಇಪ್ಪತ್ತೆರಡು ವರ್ಷದಿಂದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿರುವವನಿಗೆ ಎರಡು ಮೊಲಗಳ ಲೆಕ್ಕ ಏನು ಮಹಾ ಎಂದುಕೊಂಡಿದ್ದೆ. ಒಂದು, ಎರಡು. ಅಲ್ಲಿಗೆ ಮುಗಿಯಿತು.

ಸಿರುಗುಪ್ಪಕ್ಕೆ ಅಕ್ಕಿ ತರಲು ಹೋದವನು ಅಕ್ಕಿಯ ಜೊತೆ ಎರಡು ಮೊಲದ ಮರಿಗಳನ್ನೂ ತಂದಿದ್ದೆ. ಕಂದು ಬಣ್ಣದ್ದು ಶೇಂಗಾ, ಬಿಳಿಯದು ಕೊಬ್ಬರಿ. "ಎರಡೂ ಹೆಣ್ಣ ಅದಾವ ಸರ್, ಚಿಂತಿ ಬ್ಯಾಡ" ಎಂದು ಮಾರಿದವನು ಎದೆ ತಟ್ಟಿ ಹೇಳಿದ್ದ. ಕಂಟೋನ್ಮೆಂಟಿನ ನಮ್ಮ ಮನೆಯಲ್ಲಿ ಅವು ಒಂದನ್ನೊಂದು ಬಿಟ್ಟು ಕೂತದ್ದೇ ಇಲ್ಲ. ಒಂದೇ ತಟ್ಟೆ, ಒಂದೇ ಹಳೆಯ ಟವೆಲ್ಲು. ಮೊಲವೇ ಬೇಡ ಎಂದಿದ್ದ ನನ್ನ ಹೆಂಡತಿ ಶಾರದಾ ವಾರದೊಳಗೆ ಅವಕ್ಕೆ ಮೆಂತ್ಯ ಸೊಪ್ಪು ಬಿಡಿಸಿಕೊಡತೊಡಗಿದಳು.

ಮರಿಗಳಿಗೆ ನಾಲ್ಕು ತಿಂಗಳಾಗುತ್ತಾ ಬಂದಾಗ ಶೇಂಗಾ ಕೊಬ್ಬರಿಯ ಹಿಂದೆ ಸುತ್ತುವ ರೀತಿ ಶಾರದಾಳಿಗೆ ಅನುಮಾನ ತಂದಿತು. ಎರಡನ್ನೂ ಬುಟ್ಟಿಯಲ್ಲಿ ಹಾಕಿಕೊಂಡು ಪಶುವೈದ್ಯೆಯ ಹತ್ತಿರ ಹೋದೆವು. ಅವರು ಶೇಂಗಾನನ್ನು ಮಗುಚಿ ನೋಡಿ ನಕ್ಕರು.

"ಇವ ಗಂಡ ಅದಾನ ಮೇಷ್ಟ್ರ. ಇವತ್ತಿಂದನ ಬ್ಯಾರೆ ಮಾಡ್ರಿ. ಇವನ ಆಪರೇಷನ್ ಈ ವಾರನ ಮಾಡೂನು. ಆಕೀಗೆ ಆರು ತಿಂಗಳು ತುಂಬಲಿ. ಅಷ್ಟ್ರೊಳಗ ಬಸುರಾದ್ರ ಎಳೇ ಜೀವ, ಕಷ್ಟ ಆಕ್ಕತಿ. ಪಕ್ಕ ಪಕ್ಕ ಬೋನಿನ್ಯಾಗ ಇಡ್ರಿ, ಒಂದರ ವಾಸನಿ ಒಂದಕ್ಕ ಹತ್ತತಿರಬೇಕು. ಇಲ್ಲಾಂದ್ರ ಗೆಳೆತನ ಮುರೀತೈತಿ. ಆಪರೇಷನ್ ಆದಮ್ಯಾಲೂ ಒಂದ್ ತಿಂಗಳು ಕೂಡಸಬ್ಯಾಡ್ರಿ."

ಅಷ್ಟರಲ್ಲಿ ನನಗೆ ಶಾಲೆಯಿಂದ ಫೋನು ಬಂತು. ಒಂದು ಕಿವಿಯಲ್ಲಿ ಹೆಡ್‌ಮಾಸ್ಟರು, ಇನ್ನೊಂದರಲ್ಲಿ ಡಾಕ್ಟರು. ಆದರೂ ಶಿಸ್ತಿನ ಮನುಷ್ಯನಾದ ನಾನು ಕಿಸೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: "ಗಂಡು ನಾಲ್ಕು. ಹೆಣ್ಣು ಆರು. ಒಂದು ತಿಂಗಳು ಬೇರೆ." ಸೂತ್ರ ಚಿಕ್ಕದಾಗಿರಬೇಕು ಎಂದು ಮಕ್ಕಳಿಗೂ ನಾನು ಹೇಳುವುದುಂಟು.

ಸಂಜೆ ಕುರುಗೋಡಿನಿಂದ ಅತ್ತೆಯವರ ಫೋನು ಬಂತು. ವಿಷಯ ಕೇಳಿ ಗಾಬರಿಯಾದರು.

"ನಾಳೆ ಆಷಾಢ ಹತ್ತತೈತಿ ಅಳಿಯಂದ್ರ. ಆಷಾಢದಾಗ ಕತ್ತರಿ ಹಚ್ಚತಾರೇನು? ಅದರಾಗ ಹೊಸ ಜೋಡಿ ಒಂದ ಮನ್ಯಾಗ ಇರಬಾರ್ದು. ಹುಡುಗೀನ ಇಲ್ಲಿಗೆ ಕಳಸ್ರಿ."

ನನಗೆ ಇದು ಬಹಳ ಹಿಡಿಸಿತು. ಆಪರೇಷನ್ ಶ್ರಾವಣಕ್ಕೆ ಸರಿಯಿತು, ಬೋನು ತರುವ ಕೆಲಸ ತಪ್ಪಿತು, ತಿಂಗಳು ಬೇರೆ ಇಡುವುದೂ ಆಯಿತು, ಸಂಪ್ರದಾಯವೂ ನಡೆಯಿತು. ಶಾರದಾ "ಡಾಕ್ಟರು ಪಕ್ಕದಾಗ ಅಂದಿದ್ರು" ಎಂದಳು. ನಾನು ನೋಟ್‌ಬುಕ್ಕು ತೋರಿಸಿದೆ. ಅದರಲ್ಲಿ ಪಕ್ಕ ಎಂಬ ಪದವೇ ಇರಲಿಲ್ಲ. ಮರುದಿನ ಬೆಳಿಗ್ಗೆ ಕೊಬ್ಬರಿ ನನ್ನ ತೊಡೆಯ ಮೇಲೆ ಬುಟ್ಟಿಯಲ್ಲಿ ಕೂತು ಕುರುಗೋಡು ಬಸ್ಸಿನಲ್ಲಿ ತವರಿಗೆ ಹೊರಟಿತು.

ಮೂರನೆಯ ದಿನ ಶೇಂಗಾ ಹುಲ್ಲು ಮುಟ್ಟಲಿಲ್ಲ. ಮೂಲೆಗೆ ಮುಖ ಮಾಡಿ ಕೂತುಬಿಟ್ಟ. ಮೊಲ ಒಂದು ದಿನ ಉಣ್ಣದಿದ್ದರೂ ಜೀವಕ್ಕೆ ಅಪಾಯ ಎಂದು ಡಾಕ್ಟರಮ್ಮ ಫೋನಿನಲ್ಲಿ ಬೈದರು. ಶಾರದಾ ಆ ಹಳೆಯ ಟವೆಲ್ಲು ತಂದು ಅವನ ಮುಂದೆ ಹಾಸಿದಳು. ಶೇಂಗಾ ಅದನ್ನು ಮೂಸಿದ. ಅದರ ಮೇಲೆ ಮಲಗಿದ. ಅರ್ಧ ಗಂಟೆಯ ಮೇಲೆ ಒಂದು ಎಸಳು ಮೆಂತ್ಯ ತಿಂದ. ನಾನು ಬಾಗಿಲ ಹಿಂದೆ ನಿಂತು ಕಣ್ಣು ಒರೆಸಿಕೊಂಡೆ. ನೆಗಡಿ ಎಂದು ಶಾರದಾಳಿಗೆ ಹೇಳಿದೆ.

ಶ್ರಾವಣದ ಮೊದಲ ಸೋಮವಾರ ಶೇಂಗಾನ ಆಪರೇಷನ್ ಸುಸೂತ್ರವಾಗಿ ಆಯಿತು. ಪಂಚಮಿ ಮುಗಿಸಿಕೊಂಡು ಅತ್ತೆಯವರೇ ಕೊಬ್ಬರಿಯನ್ನು ಕರೆತಂದರು. ಬುಟ್ಟಿಗೆ ಹೊಸ ಖಣ ಸುತ್ತಿತ್ತು. ಒಳಗೆ ಅಕ್ಕಿ, ಅರಿಶಿನ ಕೊಂಬು, ಒಣಕೊಬ್ಬರಿ ಬಟ್ಟಲು.

"ಉಡಿ ತುಂಬೀನಿ" ಎಂದರು ಅತ್ತೆ. "ತವರಿಂದ ಬರಿಗೈಲೆ ಕಳಸಬಾರ್ದು."

ನಾನು ನೋಟ್‌ಬುಕ್ಕು ತೆರೆದೆ. ಒಂದು ತಿಂಗಳು ಬೇರೆ. ಆಷಾಢ ಪೂರ್ತಿ ಬೇರೆ ಇದ್ದವು. ಲೆಕ್ಕ ಸರಿಯಾಗಿದೆ.

"ರೀ, ಡಾಕ್ಟರಮ್ಮಗ ಒಂದ್ ಮಾತು ಕೇಳೂನು" ಎಂದಳು ಶಾರದಾ.

"ಬರಕೊಂಡೀನಿ ಬಿಡು."

ನಡುಮನೆಯಲ್ಲಿ ಎರಡನ್ನೂ ಬಿಟ್ಟೆ. ಗುರುತು ಹಿಡಿಯುತ್ತವೋ ಇಲ್ಲವೋ. ಒಂದು ಸುತ್ತು ಅಟ್ಟಾಡಿದವು, ಒಂದು ಹಿಡಿ ಕೂದಲು ಹಾರಿತು. ಶಾರದಾ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಆಮೇಲೆ ಶೇಂಗಾ ತಲೆ ನೆಲಕ್ಕೆ ಒತ್ತಿ ಮಲಗಿದ, ಕೊಬ್ಬರಿ ಅವನ ಹಣೆ ನೆಕ್ಕಿತು. ಜೋಡಿ ಉಳಿಯಿತು! ನಾನು ಅತ್ತೆಯವರ ಕಾಲಿಗೆ ಬಿದ್ದೆ.

ಗಣೇಶ ಚೌತಿ ಮುಗಿದ ವಾರಕ್ಕೆ ಕೊಬ್ಬರಿಯ ಆಪರೇಷನ್ ನಿಗದಿಯಾಗಿತ್ತು. ಆರು ತಿಂಗಳು ತುಂಬಿತ್ತು. ಆ ಬೆಳಿಗ್ಗೆ ನೋಡಿದರೆ ಅದು ಎದೆಯ ಕೂದಲನ್ನು ಬಾಯಿಂದ ಕಿತ್ತು ಕಿತ್ತು ಟವೆಲ್ಲಿನ ಮೇಲೆ ಗುಡ್ಡೆ ಹಾಕುತ್ತಿತ್ತು. ಚರ್ಮರೋಗವೆಂದು ನಾನು ಬೇವಿನ ಎಣ್ಣೆ ಹುಡುಕಿದೆ. ಶಾರದಾ ಆಟೋ ಕರೆದಳು.

ಡಾಕ್ಟರಮ್ಮ ಹೊಟ್ಟೆ ಮುಟ್ಟಿ ನೋಡಿ ನನ್ನ ಕಡೆ ತಿರುಗಿದರು.

"ಯಾವಾಗ ಕೂಡಿಸಿದ್ರಿ?"

"ಆಪರೇಷನ್ ಆಗಿ ಎಂಟು ದಿನಕ್ಕ. ತಿಂಗಳ ಪೂರ್ತಿ ಬ್ಯಾರೆ ಇಟ್ಟಿದ್ನಲ್ಲ ಮೇಡಂ."

"ಯಾವ ತಿಂಗಳು?"

"ಆಷಾಢ."

"ಆಪರೇಷನ್ ಆದಮ್ಯಾಲೆ ಅಂದಿದ್ದೆ ಮೇಷ್ಟ್ರ. ಕತ್ತರಿಸಿದ ಮ್ಯಾಲೂ ಒಂದ್ ತಿಂಗಳು ಅವನ ಹತ್ರ ಹಳೇ ದಾಸ್ತಾನು ಇರ್ತೈತಿ. ಈಕಿ ಹಾಸಿಗಿ ಮಾಡ್ಕೊಳಾಕತ್ತಾಳ. ಇವತ್ತು ಇಲ್ಲ ನಾಳೆ ಈಯ್ತಾಳ. ಎಳೇದು, ದೇವರು ಕಾಯಬೇಕು."

ಆ ಒಂದು ಹಗಲು ನಾನು ಕಳೆದ ರೀತಿ ಯಾರಿಗೂ ಬೇಡ. ಶಾರದಾಳ ಹೆರಿಗೆಯಾದಾಗಲೂ ನಾನು ಅಷ್ಟು ನಡುಗಿರಲಿಲ್ಲ. ಅದನ್ನು ಅವಳೇ ಎತ್ತಿ ಹೇಳಿದಳು. ಸಂಜೆಗೆ ಬಿಳಿ ಕೂದಲಿನ ಗುಡ್ಡೆಯೊಳಗೆ ಏನೋ ಮಿಸುಕಿತು. ಐದು ಮರಿ. ಕೊಬ್ಬರಿ ನೀರು ಕುಡಿದು ಸೊಪ್ಪು ತಿಂದಿತು. ಆಗ ನನಗೆ ಉಸಿರು ಬಂತು.

ಅತ್ತೆಯವರಿಗೆ ಫೋನು ಮಾಡಿ ಅಪರಾಧಿಯಂತೆ ಒಪ್ಪಿಕೊಂಡೆ. ಅವರಿಗೆ ಸ್ವಲ್ಪವೂ ಆಶ್ಚರ್ಯವಾಗಲಿಲ್ಲ.

"ನಾ ಉಡಿ ತುಂಬಿ ಕಳಿಸೀನಿ ಅಳಿಯಂದ್ರ. ಸುಮ್ಮನ ಹೋಗತೈತೇನು?"

ಮರುವಾರ ಡಾಕ್ಟರಮ್ಮ ಮತ್ತೆ ತಾರೀಖು ಹೇಳತೊಡಗಿದರು. ಮರಿ ಕಣ್ಣು ಬಿಟ್ಟು ಓಡಾಡುವ ತನಕ ಶೇಂಗಾ ಪಕ್ಕದ ಬೋನಿನಲ್ಲಿ. ಮರಿ ಹಾಲು ಬಿಟ್ಟ ಮೇಲೆ ಕೊಬ್ಬರಿಗೆ ಆಪರೇಷನ್. ಮರಿಗಳಲ್ಲಿ ಗಂಡುಗಳನ್ನು ಮೂರು ತಿಂಗಳೊಳಗೆ ಬೇರೆ ಮಾಡಬೇಕು.

ಅಭ್ಯಾಸಬಲದಿಂದ ಕಿಸೆಗೆ ಕೈ ಹಾಕಿದೆ. ನೋಟ್‌ಬುಕ್ಕು ಇರಲಿಲ್ಲ. ಶಾರದಾ ಆಗಲೇ ಅದರಲ್ಲಿ ಬರೆದುಕೊಳ್ಳುತ್ತಿದ್ದಳು, ಪ್ರತಿ ಪದವನ್ನೂ.

"ನೀವು ಬುಟ್ಟಿ ಹಿಡ್ಕೊಂಡ್ ನಿಂದ್ರಿ" ಎಂದಳು.

ನಿಂತೆ. ಬುಟ್ಟಿ ಹಿಡಿಯುವುದರಲ್ಲಿ ನಾನು ಇಲ್ಲಿಯವರೆಗೆ ಒಂದೂ ತಪ್ಪು ಮಾಡಿಲ್ಲ.