ಗಿಳಿ ಕುಳಿತ ಬಂದೂಕು

ಹುಲಿಗೇಶನ ಹೆಸರಿನಲ್ಲಿ ಹುಲಿ ಇತ್ತು, ಮನೆಯಲ್ಲಿ ಲೈಸೆನ್ಸಿನ ಬಂದೂಕಿತ್ತು. ಅವನ ಗೋವಿನಜೋಳ ತಿನ್ನುವ ಕಾಡುಹಂದಿಗಳು ಮಾತ್ರ ಎರಡಕ್ಕೂ ಕಿಮ್ಮತ್ತು ಕೊಡುತ್ತಿರಲಿಲ್ಲ. ಬಂದೂಕು ಮಿಂಚುವುದೇ ಇದಕ್ಕೆ ಕಾರಣವೆಂದು ಮೊಬೈಲಿನಲ್ಲಿ ಯಾರೋ ಪರದೇಶದವನು ತೋರಿಸಿಕೊಟ್ಟಿದ್ದ. ಅವನು ತನ್ನ ರೈಫಲ್ಲಿಗೆ ಹಸಿರು, ಕಂದು, ಕಪ್ಪು ಮಚ್ಚೆ ಬಳಿದು ಪೊದೆಯಲ್ಲಿ ಕೂತರೆ ರೈಫಲ್ಲೂ ಕಾಣದು, ಅವನೂ ಕಾಣ. ಹುಲಿಗೇಶ ಬೆಳಿಗ್ಗೆಯೇ ಬಣ್ಣದ ಡಬ್ಬಿ ಬಿಚ್ಚಿದ.

ಆರಿಸಿಕೊಂಡ ದಿನವೇ ಕೆಟ್ಟದ್ದು. ಪಂಚಾಯ್ತಿ ಚುನಾವಣೆಯೆಂದು ಊರಿನ ಬಂದೂಕುಗಳನ್ನೆಲ್ಲ ಅಂದೇ ಸಂಜೆ ಐದರೊಳಗೆ ಠಾಣೆಗೆ ಒಪ್ಪಿಸಬೇಕಿತ್ತು. ತಪ್ಪಿದರೆ ಲೈಸೆನ್ಸ್ ರದ್ದು. ಅಪ್ಪನ ಕಾಲದ ಲೈಸೆನ್ಸು, ಹೋದರೆ ಮತ್ತೆ ಸಿಗುವಂಥದ್ದಲ್ಲ. ಮೊದಲು ಒಪ್ಪಿಸಿ ಬನ್ನಿ, ಬಣ್ಣ ಆಮೇಲೆ ಎಂದು ಹೆಂಡತಿ ಮಹಾಲಕ್ಷ್ಮಿ ಹೇಳಿದ್ದಳು. ಹೆಂಡತಿಯ ಮಾತನ್ನು ಎಲ್ಲ ಕೆಟ್ಟ ಮೇಲೆ ನೆನಪಿಸಿಕೊಳ್ಳುವ ಪೈಕಿ ಹುಲಿಗೇಶ.

ಬಾಜು ಮನೆಯ ಮಡಿವಾಳೆಪ್ಪನ ಹತ್ತಿರವೂ ಬಂದೂಕಿತ್ತು. ಹೀಗಾಗಿ ಸಲಹೆ ಕೊಡುವ ಹಕ್ಕು ತನ್ನದೆಂದು ಅವನು ಬಂದು ಕಟ್ಟೆಯ ಮೇಲೆ ಕೂತ. ತಲೆ ಓರೆ ಮಾಡಿ ನೋಡಿ, “ಹುಲಿಗ್ಯಾ, ಇದು ಬಂದೂಕೋ, ಭೇದಿ ಹತ್ತಿದ ಎಮ್ಮಿ ಬಾಲೋ?” ಎಂದ.

ಎದುರು ಮನೆಯ ಫಕೀರವ್ವ ಕೇಳಿಸಿಕೊಂಡಳು. ಅವಳು ನಲವತ್ತು ವರ್ಷದಿಂದ ತೊಟ್ಟಿಲಿಗೆ ಬಣ್ಣ ಹಾಕುವವಳು. ಕೆಟ್ಟ ಬಣ್ಣಗೆಲಸ ಕಂಡರೆ ಅವಳಿಗೆ ಊಟ ಸೇರುತ್ತಿರಲಿಲ್ಲ. “ನೀ ಉಂಡು ಬಾ ಹೋಗಪಾ, ನಾ ಎಲಿ ಬಿಡಸ್ತೀನಿ,” ಎಂದು ತನ್ನ ತೊಟ್ಟಿಲ ಬಣ್ಣಗಳನ್ನು ತಂದು, ಕುಂಚ ಹಿಡಿದು ಕೂತಳು. ಎಲೆಯೆಂದರೆ ಕಾಡಿನದೇ ತಾನೆ ಎಂದು ಹುಲಿಗೇಶ ನಂಬಿ ಒಳಗೆ ಹೋದ. ನಾಲ್ಕು ರೊಟ್ಟಿ ತಿಂದು ಕಣ್ಣನ್ನೂ ಮುಚ್ಚಿದ.

ಹನ್ನೆರಡಕ್ಕೆ ಎದ್ದು ಬಂದರೆ ಎಲೆಯೇನೋ ಇತ್ತು. ಎಲೆಗೆ ಬಳ್ಳಿ, ಬಳ್ಳಿಗೆ ಹೂವು, ಹೂವಿನ ಪಕ್ಕ ಕೆಂಪು ಕೊಕ್ಕಿನ ಎರಡು ಗಿಳಿಗಳೂ ಇದ್ದವು. ಅವನು ಬಾಯಿ ಬಿಡುವ ಮೊದಲೇ ಫಕೀರವ್ವ, “ಬಳ್ಳಿ ಅಂದಮ್ಯಾಲ ಗಿಳಿ ಬ್ಯಾಡೇನು?” ಎಂದಳು. ಮಡಿವಾಳೆಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಯಾಕೋ ಗಿಳಿಗಳನ್ನೇ ಬಹಳ ಹೊತ್ತು ನೋಡಿ ಮನೆಗೆ ಹೋದ.

ಹುಲಿಗೇಶ ಮೂರು ಗಂಟೆಯ ತನಕ ಸೀಮೆಎಣ್ಣೆ ಹಾಕಿ ತಿಕ್ಕಿದ. ಗಿಳಿಗಳು ಇನ್ನಷ್ಟು ಹೊಳೆದವು. ಕೂಸುಗಳು ಕಚ್ಚಿ ಚೀಪಿದರೂ ಹೋಗದ ಬಣ್ಣ ಅದು.

ಬಂದೂಕನ್ನು ಕಂಬಳಿಯಲ್ಲಿ ಸುತ್ತಿಕೊಂಡು, ಠಾಣೆಯಿದ್ದ ಕಲಘಟಗಿಯ ಬಸ್ಸು ಹತ್ತಿದ. ಹೂಬಳ್ಳಿಯ ತುದಿ ಹೊರಗೆ ಇಣುಕುತ್ತಿತ್ತು. ತೊಟ್ಟಿಲ ಕಾಲೆಂದು ತಿಳಿದ ಕಂಡಕ್ಟರ್, “ಗಂಡೋ ಹೆಣ್ಣೋ?” ಎಂದು ಕೇಳಿದ. ಬಂದೂಕು ಅನ್ನಲಾರದೆ ಹುಲಿಗೇಶ “ಹೆಣ್ರಿ” ಎಂದುಬಿಟ್ಟ. ಹೆಂಗಸರೆಲ್ಲ ಸೇರಿ ಹೆಸರು ಹುಡುಕಿದರು. ಕಲಘಟಗಿ ಮುಟ್ಟುವಷ್ಟರಲ್ಲಿ ಬಂದೂಕಿಗೆ ರೋಹಿಣಿ ಎಂದು ಹೆಸರಿಟ್ಟಾಗಿತ್ತು.

ಠಾಣೆಯಲ್ಲಿ ಹವಾಲ್ದಾರ ಸುಭಾಸ ಕಂಬಳಿ ಬಿಚ್ಚಿ, ಒಳಗಿದ್ದವರನ್ನೆಲ್ಲ ಕರೆದು ತೋರಿಸಿದ. ಎಲ್ಲರೂ ನಕ್ಕು ಮುಗಿದ ಮೇಲೆ ನಂಬರು ಕೇಳಿದ. ನಂಬರು ಗಿಳಿಯ ಬಾಲದ ಕೆಳಗಿತ್ತು. ಬ್ಲೇಡಿನಿಂದ ಕೆರೆದು ಲೈಸೆನ್ಸಿಗೆ ಹೋಲಿಸಿದ ಸುಭಾಸನ ನಗೆ ನಿಂತಿತು.

“ಇದು ನಿಂದಲ್ಲ. ಮಂದಿ ಬಂದೂಕು ಇಟ್ಕೊಂಡ್ರ ಕೇಸ್ ಆಕ್ಕೈತಿ, ಗೊತ್ತೈತಿಲ್ಲೋ?”

ಸುಭಾಸ ದಾಖಲೆಯಲ್ಲಿ ಹುಡುಕಿದರೆ ಆ ನಂಬರು ಮಡಿವಾಳೆಪ್ಪನದು. ಆಗ ಹುಲಿಗೇಶನಿಗೆ ಹೊಳೆಯಿತು. ಮಹಾನವಮಿಯ ಖಂಡೇಪೂಜೆಗೆ ಇಬ್ಬರೂ ತಮ್ಮ ಬಂದೂಕುಗಳನ್ನು ಒಂದೇ ಗೋಡೆಗೆ ಆನಿಸಿಟ್ಟಿದ್ದರು. ಒಂದೇ ಅಂಗಡಿಯ ಮಾಲು, ಎರಡಕ್ಕೂ ಮೈತುಂಬ ಕುಂಕುಮ. ಪೂಜೆ ಮುಗಿದ ಮೇಲೆ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬಂದಿದ್ದರು.

ಅಂದರೆ ಗಿಳಿಗಳು ಮಡಿವಾಳೆಪ್ಪನವು. ತನ್ನ ಬಂದೂಕು ಕರ್ರಗೆ, ಗಂಡಸಿನ ಹಾಗೆ, ಅವನ ಮನೆಯಲ್ಲಿದೆ. ಮದುವೆಯ ದಿನವೂ ಹುಲಿಗೇಶ ಅಷ್ಟು ಖುಷಿಪಟ್ಟಿರಲಿಲ್ಲ.

ಐದಕ್ಕೆ ಹತ್ತು ನಿಮಿಷವಿದ್ದಾಗ ಮಡಿವಾಳೆಪ್ಪ ಬೈಕಿನಿಂದ ಇಳಿದ. ಎದೆಗವಚಿಕೊಂಡಿದ್ದ ಗಂಟನ್ನು ನಾಚುತ್ತ ಮೇಜಿನ ಮೇಲಿಟ್ಟ. ಗಿಳಿಗಳನ್ನು ಕಂಡ ನಡುಮಧ್ಯಾಹ್ನದಿಂದ ಹೊಟ್ಟೆಕಿಚ್ಚು ಅವನನ್ನು ಸುಮ್ಮನೆ ಕೂರಲು ಬಿಟ್ಟಿರಲಿಲ್ಲ; ಫಕೀರವ್ವನನ್ನು ಮನೆಗೆ ಕರೆಸಿಕೊಂಡಿದ್ದ. ಗಂಟು ಬಿಚ್ಚಿದರೆ ಎರಡು ನವಿಲು, ನಡುವೆ ಕಮಲ, ಹಿಡಿಯುದ್ದಕ್ಕೂ ಹೆಬ್ಬೆರಳು ಗಾತ್ರದ ಹಳದಿ ಅಕ್ಷರಗಳು: ಶ್ರೀ ಮಡಿವಾಳೆಪ್ಪ. ನಂಬರನ್ನು ಮಾತ್ರ ಅವನು ಜಾಣತನದಿಂದ ಬಣ್ಣ ಹಾಕಿಸದೆ ಉಳಿಸಿಕೊಂಡಿದ್ದ. ಅದು ಹುಲಿಗೇಶನ ಲೈಸೆನ್ಸಿಗೆ ಸರಿಯಾಗಿ ಹೊಂದಿತು.

“ಅಳಸಾಕ ಬರೂದಿಲ್ಲೇನ್ರಿ?” ಹುಲಿಗೇಶ ಮೆಲ್ಲಗೆ ಕೇಳಿದ.

ಸುಭಾಸ ರಸೀದಿ ಬರೆದು ಅವನ ಕೈಗಿಟ್ಟ. ಮಾಲೀಕ: ಹುಲಿಗೇಶ. ಗುರುತು: ನವಿಲು ಎರಡು, ಮಡಿವಾಳೆಪ್ಪ ಒಂದು.