ನೀರೊಲೆಯ ಕಟ್ಟೆಯ ಮೇಲೆ ಪಟಾಕಿ

ಯಾವುದನ್ನೂ ಎಸೆಯಲು ನನಗೆ ಮನಸ್ಸು ಬರುವುದಿಲ್ಲ, ಮೊಮ್ಮಕ್ಕಳೇ. ಹಳೆಯ ಸೀರೆ ಕೌದಿಯಾಗುತ್ತದೆ, ಕೌದಿ ಹರಿದರೆ ಕಾಲೊರೆಸುವ ಅರಿವೆಯಾಗುತ್ತದೆ. ಮಾತನ್ನೂ ಹಾಗೆಯೇ ಉಳಿಸಿಕೊಂಡು ಬಂದವಳು ನಾನು. ನಿಮ್ಮ ಅಜ್ಜನ ಅಣ್ಣ, ಅಂದರೆ ನನ್ನ ಭಾವನವರು, ಬೆಲ್ಲದ ಬಾಗೇವಾಡಿಯಿಂದ ಹಬ್ಬಕ್ಕೆ ಬಂದರೆ ಸೆರಗು ಮುಂದೆಳೆದುಕೊಂಡು ಬಾಗಿಲ ಮರೆಗೆ ನಿಲ್ಲುತ್ತೇನೆ. ಮದುವೆಯಾದಾಗಿನಿಂದ ಈ ಹಬ್ಬದವರೆಗೂ ಅವರೊಡನೆ ನೇರವಾಗಿ ಮಾತಾಡಿರಲಿಲ್ಲ. ಊಟಕ್ಕೆ ಕರೆಯಬೇಕಾದರೆ ಬೆಕ್ಕಿನ ಕಡೆ ನೋಡಿ, "ರೊಟ್ಟಿ ಆರಾಕತ್ತಾವು" ಎನ್ನುತ್ತಿದ್ದೆ. ಅವರು ಎದ್ದು ಬರುತ್ತಿದ್ದರು. ಬೆಕ್ಕೂ ಬರುತ್ತಿತ್ತು.

ಈ ದೀಪಾವಳಿಗೆ ನಿಮ್ಮವ್ವ ಗೋಕಾಕದಲ್ಲಿ ಪರವಾನಿಗೆ ಇರುವ ಅಂಗಡಿ ಹುಡುಕಿ ಹಸಿರು ಪಟಾಕಿ ತಂದಳು. ಸರಕಾರ ಹೇಳಿದ ವೇಳೆಯಲ್ಲೇ, ಮೇವಿನ ಬಣವೆಯಿಂದ ದೂರ, ಬಯಲಿನಲ್ಲಿ ಹಾರಿಸಿದಿರಿ. ಸಿಡಿಯದೆ ಉಳಿದವನ್ನು ನಿಮಗೆ ಮುಟ್ಟಗೊಡದೆ, ಸ್ವಲ್ಪ ಹೊತ್ತು ಬಿಟ್ಟು ನೀರು ಸುರಿದು, ಬಕೆಟ್ಟಿನಲ್ಲಿ ಮುಳುಗಿಸಿಟ್ಟಳು. ಬೆಳಿಗ್ಗೆ ನೋಡಿದರೆ ಎಂಥ ದಪ್ಪ ದಪ್ಪ ಪಟಾಕಿ! ತೋಯ್ದು ಹಾಳಾಗುತ್ತಿವೆಯಲ್ಲ ಎಂದು ಕರುಳು ಚುರ್ ಎಂದಿತು. ತೋಯ್ದ ಕಡ್ಡಿಪೆಟ್ಟಿಗೆಯನ್ನು ನಾವು ಒಣಗಿಸುವುದು ಬಚ್ಚಲಲ್ಲಿರುವ ನೀರೊಲೆಯ ಕಟ್ಟೆಯ ಮೇಲೆ. ಇವನ್ನೂ ಅಲ್ಲೇ ಸಾಲಾಗಿ ಹರವಿದೆ. ಒಲೆಯಲ್ಲಿ ಕಟ್ಟಿಗೆ ಧಗಧಗ ಉರಿಯುತ್ತಿತ್ತು. ಅಷ್ಟರಲ್ಲಿ ಭಾವನವರು ಮೈತುಂಬ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು.

ನಿಮ್ಮವ್ವ ಖಾಲಿ ಬಕೆಟ್ಟು ಹಿಡಿದು ಬಂದಳು. "ಅತ್ತಿ, ಇದರಾಗಿನ ಪಟಾಕಿ ಎಲ್ಲಿ ಅದಾವ್ರಿ?"

"ಒಲಿ ಕಟ್ಟಿ ಮ್ಯಾಲ ಒಣಗಾಕ ಇಟ್ಟೇನಿ."

"ಅಯ್ಯ, ಅವನ್ನ ಒಣಗಿಸಬಾರದ್ರಿ! ಕಾವಿಗೆ ಸಿಡದಾವು! ಒಳಗ ದೊಡ್ಡ ಮಾವಾರು ಅದಾರು. ನೀವು ಕೂಗ್ರಿ, ನಾ ನೀರು ತರ್ತೇನಿ!" ಎಂದು ಓಡಿದಳು.

ನಾನು ಕೂಗುವುದೇ? ಸುತ್ತ ನೋಡಿದೆ. ಹಾಳಾದ ಬೆಕ್ಕೂ ಇರಲಿಲ್ಲ. ಕಣ್ಣು ಮುಚ್ಚಿ, "ಭಾವಾರ, ಹೊರಗ ಬರ್ರಿ! ಲಗೂನ ಬರ್ರಿ!" ಎಂದು ಒದರಿದೆ. ಓಣಿಯ ನಾಯಿಗಳೆಲ್ಲ ಬೊಗಳಿದವು. ಭಾವನವರು ಟವೆಲ್ ಸುತ್ತಿಕೊಂಡು, ಎಣ್ಣೆ ಸುರಿಸುತ್ತ ಓಡಿ ಬಂದರು. ನಿಮ್ಮವ್ವ ಬಾಗಿಲಿನಿಂದಲೇ ಒಲೆಗೂ ಕಟ್ಟೆಗೂ ನೀರು ಎರಚಿದಳು. ಬುಸ್ ಎಂದಿತು, ಹೊಗೆ ಎದ್ದಿತು. ಒಂದೂ ಸಿಡಿಯಲಿಲ್ಲ. ನನ್ನ ಹೋದ ಜೀವ ಬಂತು. ಅವಳು ಪಟಾಕಿಗಳನ್ನು ಮತ್ತೆ ನೆನೆಸಿಟ್ಟು, ಮರುದಿನ ಚೀಲದಲ್ಲಿ ಬೇರೆ ಕಟ್ಟಿ, ಇಂಥದ್ದು ಎಂದು ಹೇಳಿಯೇ ಕಸದ ಗಾಡಿಯವರಿಗೆ ಕೊಟ್ಟಳು.

ವಿಷಯ ತಿಳಿದ ಭಾವನವರು ಬಯ್ಯಲಿಲ್ಲ. "ಯವ್ವಾ ತಂಗಿ, ಪಟಾಕಿ ಠುಸ್ ಆದರೂ ನೀ ಆಗಲಿಲ್ಲ ನೋಡು!" ಎಂದು ನಕ್ಕರು. ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಕಡೆಗೇ ತಿರುಗಿ, "ತಂಗಿ, ಈಗ ಮಾತು ಶುರು ಆಗೇತಿ, ಹೇಳೇ ಬಿಡ್ತೇನಿ. ನಿನ್ನ ಸಾರಿಗೆ ಯಾವಾಗಲೂ ಉಪ್ಪು ಕಡಿಮಿ" ಎಂದರು.

ಇಷ್ಟು ವರ್ಷ ಅವರು ತುಟಿ ಬಿಚ್ಚದೆ ಉಂಡದ್ದನ್ನು ನೋಡಿ, ನನ್ನ ಕೈಯ ರುಚಿಯೇ ಅಂಥದ್ದು ಎಂದುಕೊಂಡಿದ್ದೆ.